ಹೆಳವರ ಪರ್ವತಯ್ಯ ಮತ್ತು ಬಾಬಿಲೋನಿನ ಉಗ್ರಾಣ

ದಿಗ್ವಿಜಯ ಹೊರಟವರಲ್ಲಿ ಕೆಲವರು ಆನೆ ಕುದುರೆ ಕಟ್ಟಿಕೊಂಡು ಹೋದರು, ಕೆಲವರು ತೋಪು ಎಳೆಸಿಕೊಂಡು ಹೋದರು. ಹೆಳವರ ಪರ್ವತಯ್ಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಸಾಮ್ರಾಜ್ಯಗಳನ್ನು ಎರಡೇ ಎರಡು ಪದಗಳಿಂದ ಗೆದ್ದ. ಆ ಪದಗಳು: ‘ಯಾರ ಮಗ?’

ಹೆಸರು ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಹೆಸರನ್ನು ಯಾವನು ಬೇಕಾದರೂ ಇಟ್ಟುಕೊಳ್ಳಬಹುದು, ಅಪ್ಪನನ್ನು ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ ಎನ್ನುತ್ತಿದ್ದ. ಕಣ್ಣಿಗೆ ಟಾರ್ಚು ಬಿಟ್ಟ ಡಾಕ್ಟರನ್ನು, ಹೆಲ್ಮೆಟ್ ಇಲ್ಲವೆಂದು ಅಡ್ಡ ಹಾಕಿದ ಪೊಲೀಸನನ್ನು, ಒಟ್ಟಿನಲ್ಲಿ ಎದುರು ಸಿಕ್ಕಿದವರನ್ನೆಲ್ಲ ಅದೇ ಪ್ರಶ್ನೆಯಿಂದ ಕೆಡವುತ್ತಿದ್ದ. ಗಡಿ ದಾಟುವಾಗ ಆಯುಧವನ್ನು ಬದಲಿಸುತ್ತಿದ್ದ, ಅಷ್ಟೆ. ಪಾವಗಡದ ಕಡೆ ‘ಎವರಿ ಕೊಡುಕು?’, ಶಿರಾದ ಪೇಟೆಯಲ್ಲಿ ‘ಕಿಸ್ಕಾ ಬೇಟಾ?’ ಪಾವಗಡದ ಬಯಲಲ್ಲಿ ಸೋಲಾರ್ ಹಲಗೆಗಳ ನಡುವೆ ನಿಂತಿದ್ದ ಎಂಜಿನಿಯರೊಬ್ಬ ತಾನು ಕಂಪನಿಯ ಕಡೆಯವನೆಂದು ಹೇಳಿದಾಗ, ‘ಸರಿ, ಕಂಪನಿ ಯಾರ ಮಗ?’ ಎಂದು ಕೇಳಿ ಅವನನ್ನೂ ಗೆದ್ದ. ಮಧುಗಿರಿ ಬೆಟ್ಟದ ತಪ್ಪಲಿನಲ್ಲಿ ಕರಡಿ ಎದುರಾದಾಗಲೂ ಇದನ್ನೇ ಕೇಳಿದನಂತೆ. ಕರಡಿ ತುಂಬ ಹೊತ್ತು ಯೋಚಿಸಿ, ಅಪ್ಪನ ಹೆಸರು ನೆನಪಾಗದೆ ನಾಚಿಕೊಂಡು ಪೊದೆಗೆ ಹಿಂದಿರುಗಿತೆಂದು ಕೊರಟಗೆರೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂರುವ ನಾವೆಲ್ಲ ನಂಬಿದ್ದೇವೆ. ಕರಡಿಯ ಕಡೆಯಿಂದ ಇದುವರೆಗೆ ಆಕ್ಷೇಪಣೆ ಬಂದಿಲ್ಲ.

ಇದು ಹುಚ್ಚಲ್ಲ, ಕಸುಬು. ಹೆಳವರ ಅಜ್ಜಂದಿರು ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಒಕ್ಕಲು ಮನೆಗಳ ಮುಂದೆ ಬಂದು ನಿಲ್ಲುತ್ತಿದ್ದರು. ಆ ಮನೆಯ ವಂಶವನ್ನು ಮೂಲಪುರುಷನಿಂದ ಹಿಡಿದು ರಾಗವಾಗಿ ಹೇಳುತ್ತಿದ್ದರು. ಹೊಸ ಹೆಸರುಗಳನ್ನು ಪುಸ್ತಕಕ್ಕೆ ಏರಿಸಿ, ಕಾಳು ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಪರ್ವತಯ್ಯನ ಕಾಲಕ್ಕೆ ಎತ್ತು ಹೋಗಿ ಮೊಪೆಡ್ ಬಂದಿತ್ತು. ಗಂಟೆ ಮಾತ್ರ ಹಳೆಯದು, ಹ್ಯಾಂಡಲಿಗೆ ಕಟ್ಟಿದ್ದ. ಹಿಂದಿನ ಸೀಟಿನ ಮೇಲೆ ಕೆಂಪು ಬಟ್ಟೆಯ ಗಂಟು. ಅದರೊಳಗೆ ನಾನೂರ ಹನ್ನೆರಡು ಮನೆಗಳ ಸತ್ತವರೂ ಬದುಕಿದವರೂ ಒಟ್ಟಿಗೆ ಪ್ರಯಾಣ ಮಾಡುತ್ತಿದ್ದರು. ಯಾವ ಮನೆಯವನು ಯಾವ ಮನೆಗೆ ದಾಯಾದಿ, ಯಾವ ಅಜ್ಜನಿಗೆ ಎರಡನೆಯ ಸಂಸಾರವಿತ್ತು ಎಂಬುದೆಲ್ಲ ಅವನಿಗೆ ಗೊತ್ತಿದ್ದುದರಿಂದ ಸೀಮೆಯಲ್ಲಿ ಅವನಿಗೆ ಎದುರು ಮಾತಾಡುವವರು ಕಡಿಮೆ.

ಬೇರೆ ಕಡೆ ಹೇಗೋ, ಪರ್ವತಯ್ಯನ ಮನೆತನದಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಮದುವೆಯಾಗದವನು ಪುಸ್ತಕಕ್ಕೆ ಏರುವುದಿಲ್ಲ. ಇನ್ನೊಂದು, ಹೆಳವ ತನ್ನ ಮನೆಯನ್ನು ತಾನೇ ಬರೆದುಕೊಳ್ಳಕೂಡದು. ಯಾಕೆ ಎಂದು ಕೇಳಿದರೆ, ‘ತನ್ನ ಬೆನ್ನು ತಾನೇ ನೋಡ್ಕಂಡೋನು ಯಾವನಿದ್ದಾನೆ?’ ಎನ್ನುತ್ತಿದ್ದ. ಆದ್ದರಿಂದ ಅವನ ಮನೆಯ ವಂಶ ಇದ್ದದ್ದು ಬುಕ್ಕಾಪಟ್ಟಣದ ಚನ್ನಮಲ್ಲಯ್ಯ ಎಂಬ ಇನ್ನೊಬ್ಬ ಹೆಳವನ ಗಂಟಿನಲ್ಲಿ. ಐದಾರು ವರ್ಷಕ್ಕೊಮ್ಮೆ ಚನ್ನಮಲ್ಲಯ್ಯ ಬರುತ್ತಿದ್ದ. ಆ ದಿನ ಪರ್ವತಯ್ಯ ತಲೆಗೆ ಸ್ನಾನ ಮಾಡಿ, ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು, ತನ್ನದೇ ಜಗಲಿಯ ಕೆಳಗೆ ಕೈಮುಗಿದು ನಿಲ್ಲುತ್ತಿದ್ದ. ಚನ್ನಮಲ್ಲಯ್ಯ ಗಂಟೆ ಬಾರಿಸಿ, ‘ಪರ್ವತಯ್ಯ ಯಾರ ಮಗ?’ ಎನ್ನುವನು. ‘ದೊಡ್ಡಹನುಮಯ್ಯನ ಮಗ.’ ‘ದೊಡ್ಡಹನುಮಯ್ಯ ಯಾರ ಮಗ?’ ‘ಬೋರಪ್ಪನ ಮಗ.’ ಹೀಗೆ ಹನ್ನೊಂದು ತಲೆಮಾರು. ನಾಲ್ಕು ಸೀಮೆಯನ್ನು ಪ್ರಶ್ನೆ ಕೇಳಿಯೇ ಗೆದ್ದ ವೀರ ಆ ಒಂದು ದಿನ ಮಾತ್ರ ಪರೀಕ್ಷೆಗೆ ನಿಂತ ಹುಡುಗನಂತೆ ಉತ್ತರ ಹೇಳುತ್ತಿದ್ದ. ಆ ದಿನ ಅವನ ಮುಖ ನೋಡಬೇಕಿತ್ತು.

ಮಗ ಅಂಜನ್ ಕುಮಾರನಿಗೆ ಗಂಟು ಹೊರುವ ಆಸೆ ಇರಲಿಲ್ಲ. ಕೊರಟಗೆರೆಯಿಂದ ಮಧುಗಿರಿಯ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾದ. ಆದರೆ ರಕ್ತ ಬಿಡುತ್ತದೆಯೇ? ಚಿಲ್ಲರೆಗಾಗಿ ಜಗಳಕ್ಕೆ ನಿಂತವರನ್ನು ‘ನಿಮ್ಮ ತಾತ ಬಾಳ ದೊಡ್ಡ ಮನುಷ್ಯ ಕಣಣ್ಣ’ ಎಂದು ತಾತನ ಹೆಸರು ಹಿಡಿದು ಹೇಳಿ ಬಾಯಿ ಮುಚ್ಚಿಸುತ್ತಿದ್ದ. ಎರಡು ಸಾವಿರದ ಇಪ್ಪತ್ತರ ಮಾಘಮಾಸದಲ್ಲಿ ಅವನಿಗೂ ಚೈತ್ರಳಿಗೂ ಮದುವೆಯಾಯಿತು. ಬಂದು ಮಗನನ್ನು ವಂಶದ ಬಳ್ಳಿಗೆ ಏರಿಸಬೇಕೆಂದು ಪರ್ವತಯ್ಯ ಬುಕ್ಕಾಪಟ್ಟಣಕ್ಕೆ ಹೇಳಿ ಕಳಿಸಿದ. ಅಷ್ಟರಲ್ಲಿ ಬಸ್ಸುಗಳು ನಿಂತವು, ಊರುಗಳ ಬಾಯಿಗೆ ಮುಳ್ಳು ಬಿತ್ತು. ಮುಂದಿನ ಬೇಸಿಗೆಗೆ ಬರುತ್ತೇನೆಂದು ಚನ್ನಮಲ್ಲಯ್ಯ ಫೋನಿನಲ್ಲಿ ಹೇಳಿದ.

ಮುಂದಿನ ಬೇಸಿಗೆ ಬಂತು.

ಅಂಜನ್ ಕುಮಾರನನ್ನು ಕರೆದುಕೊಂಡು ಹೋದ ಆಸ್ಪತ್ರೆಯ ಬಾಗಿಲಲ್ಲಿ ಯಾರೂ ಯಾರ ಮಗ ಎಂದು ಕೇಳಲಿಲ್ಲ. ನಂಬರ್ ಎಷ್ಟು ಎಂದು ಕೇಳಿದರು. ಹಾಸಿಗೆ ಖಾಲಿಯಾಗುವುದನ್ನು ಕಾಯುತ್ತಾ ಅವನು ಹತ್ತೊಂಬತ್ತು ಗಂಟೆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದ. ಹಾಸಿಗೆ ಸಿಕ್ಕಿದ ಮೂರನೆಯ ದಿನ ತೀರಿಕೊಂಡ. ಇಪ್ಪತ್ತೇಳು ವರ್ಷ. ಸ್ಮಶಾನದಲ್ಲಿ ಪ್ಲಾಸ್ಟಿಕ್ ಬಟ್ಟೆ ತೊಟ್ಟ ನಾಲ್ವರು ಹೆಣದ ಐದು ಗಂಟುಗಳನ್ನು ಇಳಿಸಿದರು. ಹಗ್ಗದಾಚೆ ನಿಂತಿದ್ದ ಪರ್ವತಯ್ಯ, ಐದರಲ್ಲಿ ಯಾವುದು ಎಂದು ಕೇಳಿದ. ಎಡಗಡೆಯಿಂದ ಎರಡನೆಯದಿರಬೇಕು ಎಂದರು.

ಎಂಟು ದಿನ ಬಿಟ್ಟು ಬುಕ್ಕಾಪಟ್ಟಣದಲ್ಲಿ ಚನ್ನಮಲ್ಲಯ್ಯನೂ ಹೋದ. ರೋಗಕ್ಕೆ ಹೆದರಿದ ಮನೆಯವರು ಅವನ ಹಾಸಿಗೆ, ಬಟ್ಟೆ, ತಟ್ಟೆ ಎಲ್ಲವನ್ನೂ ಹೊಲಕ್ಕೆ ಒಯ್ದು ಸುಟ್ಟರು. ಅವನು ಪುಸ್ತಕದ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗುವವನು. ದಿಂಬಿನ ಜೊತೆ ಪರ್ವತಯ್ಯನ ಹನ್ನೊಂದು ತಲೆಮಾರೂ ಬೂದಿಯಾದವು. ಹನ್ನೆರಡನೆಯವನು ಏರಿಯೇ ಇರಲಿಲ್ಲ.

ಎಲ್ಲವೂ ಪರ್ವತಯ್ಯನಿಗೆ ಬಾಯಲ್ಲಿತ್ತು. ಆದರೆ ಕಟ್ಟಳೆಯಂತೆ ತಾನೇ ಬರೆಯುವ ಹಾಗಿಲ್ಲ, ಬರೆಯಬೇಕಾದವನು ಹೋಗಿದ್ದ. ಆ ವರ್ಷ ಮಳೆಗಾಲ ಕಳೆದ ಮೇಲೆ ಒಮ್ಮೆ ತಿರುಗಾಟಕ್ಕೆ ಹೊರಟ. ಐ.ಡಿ.ಹಳ್ಳಿಯ ಒಂದು ಮನೆಯ ಮುಂದೆ ಗಂಟೆ ಬಾರಿಸಿದಾಗ ಒಳಗಿನಿಂದ ಗಂಗರತ್ನಮ್ಮ ಎಂಬ ಮುದುಕಿ, ಇನ್ನು ಕೇಳುವವರು ಯಾರೂ ಉಳಿದಿಲ್ಲ, ಹೋಗಿ ಬಾ ಎಂದಳು. ಅವನು ಆ ಮನೆಯ ಹಾಳೆಯಲ್ಲಿ ವಂಶ ಮುಗಿಯಿತೆಂದು ಮೂರು ಗೆರೆ ಎಳೆದು ಊರಿಗೆ ಬಂದವನು ಗಂಟೆಯನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ. ಅವನ ಹೆಸರಾಂತ ಎರಡು ಪದಗಳು ಆಮೇಲೆ ಯಾರ ಕಿವಿಗೂ ಬೀಳಲಿಲ್ಲ. ಟೀ ಅಂಗಡಿಗೆ ಹೊಸಬರು ಬಂದರೂ ಸುಮ್ಮನೆ ಜಾಗ ಕೊಟ್ಟು ಸರಿದು ಕೂರುತ್ತಿದ್ದ.

ಮನೆಯಲ್ಲಿ ಉಳಿದವರು ಇಬ್ಬರು, ಮಾವ ಮತ್ತು ಸೊಸೆ. ಹೆಂಡತಿ ದಾಸಮ್ಮ ಮೊದಲೇ ತೀರಿಕೊಂಡಿದ್ದಳು. ಚೈತ್ರ ತವರಿಗೆ ಹೋಗಲಿಲ್ಲ. ಮದುವೆಗೆ ಮುಂಚೆ ಕಟ್ಟಿದ್ದ ಇತಿಹಾಸದ ಎಂ.ಎ. ಅಂಚೆ ಶಿಕ್ಷಣ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸುತ್ತೇನೆಂದು ಹಠ ಹಿಡಿದು ಕೂತಳು. ಗಟ್ಟಿಯಾಗಿ ಓದದಿದ್ದರೆ ಅವಳಿಗೆ ತಲೆಗೆ ಹತ್ತುವುದಿಲ್ಲ. ‘ಪ್ರಾಚೀನ ಪಶ್ಚಿಮ ಏಷ್ಯಾ’ ಎಂಬ ಪರೀಕ್ಷೆಯ ಪತ್ರಿಕೆಗೆ ಜಗಲಿಯ ಮೇಲೆ ಕೂತು ಓದುತ್ತಿದ್ದಳು: ಸೊಲೊಮೋನನ ಮಗ ರೆಹಬ್ಬಾಮ, ಅವನ ಮಗ ಅಬೀಯ, ಅವನ ಮಗ ಆಸ, ಅವನ ಮಗ ಯೆಹೋಷಾಫಾಟ.

ಗೋಡೆಗೆ ಒರಗಿದ್ದ ಮುದುಕನ ಕತ್ತು ತಿರುಗಿತು.

‘ಯಾರ ಮನೇದವ್ವ ಅದು?’

‘ಯೆಹೂದ್ಯರ ರಾಜರು, ಮಾವ. ಜೆರುಸಲೇಮಿನೋರು.’

‘ಯಾವ ಹೋಬಳಿ?’

ಯೆಹೂದ ರಾಜ್ಯದ ಮೇಲೆ ಕೊರಟಗೆರೆ ತಾಲ್ಲೂಕಿನ ಮೊದಲ ದಂಡಯಾತ್ರೆ ಆ ಮಧ್ಯಾಹ್ನ ಶುರುವಾಯಿತು. ಈಜಿಪ್ಟ್, ಅಸ್ಸೀರಿಯ, ಬಾಬಿಲೋನುಗಳು ತಮ್ಮ ತಮ್ಮ ಕಾಲದಲ್ಲಿ ಆ ರಾಜ್ಯವನ್ನು ಮುತ್ತಿದ್ದು ನಿಜ. ಆದರೆ ಅವು ಯಾವುವೂ ಪರ್ವತಯ್ಯನಷ್ಟು ಪ್ರಶ್ನೆ ಕೇಳಿರಲಾರವು. ಸೊಸೆ ಓದಬೇಕು, ಮಾವ ತಡೆಯಬೇಕು. ಮೊದಲ ರಾಜ ಸೌಲ ಅಪ್ಪನ ಕತ್ತೆ ಹುಡುಕಲು ಹೋಗಿ ಕಿರೀಟ ಹೊತ್ತುಕೊಂಡು ಬಂದನೆಂದು ಕೇಳಿ, ಕತ್ತೆಗಳು ಆಮೇಲೆ ಸಿಕ್ಕಿದವೋ ಇಲ್ಲವೋ ಎಂದು ಎರಡು ದಿನ ಕಾಡಿದ. ಸಿಕ್ಕಿದವು ಎಂದು ತಿಳಿದ ಮೇಲೆಯೇ ಮುಂದಿನ ರಾಜನಿಗೆ ದಾರಿ ಬಿಟ್ಟ. ದಾವೀದ ಕುರಿ ಕಾಯುತ್ತಿದ್ದವನೆಂದಾಗ, ಅದಕ್ಕೇ ಅವನ ಮನೆ ನಾನೂರು ವರ್ಷ ಬಾಳಿತು ಎಂದು ತೀರ್ಪು ಕೊಟ್ಟ. ಸೊಲೊಮೋನ ಗುಡಿ ಅರಮನೆ ಕಟ್ಟಲು ಜನರನ್ನು ಬಿಟ್ಟಿ ದುಡಿಸಿದ. ಜನ ಅವನ ಮಗನ ಮುಂದೆ ನಿಂತು ಹೊರೆ ಇಳಿಸು ಎಂದು ಕೇಳಿದರು. ಹಿರಿಯರು ಮೆತ್ತಗೆ ಮಾತಾಡು ಎಂದರು, ಜೊತೆಗೆ ಬೆಳೆದವರು ಗದರಿಸು ಎಂದರು. ಅವನು ಗದರಿಸಿದ. ಹನ್ನೆರಡು ಕುಲಗಳಲ್ಲಿ ಹತ್ತು ಅವತ್ತೇ ಎದ್ದು ಹೋದವು.

‘ಒಂದು ಮಾತಿಗೆ ಹತ್ತು ಮನೆ ಕಳ್ಕಂಡ’ ಎಂದು ಪರ್ವತಯ್ಯ ಲೊಚಗುಟ್ಟಿದ. ಕಸುಬುದಾರನಿಗೆ ಆ ನಷ್ಟ ಅರ್ಥವಾಗುತ್ತದೆ.

ಮನಸ್ಸೆ ಎಂಬ ರಾಜ ಐವತ್ತೈದು ವರ್ಷ ಆಳಿದ, ಆದರೆ ಬರೆದಿಟ್ಟವರು ಅವನನ್ನು ಪರಮ ದುಷ್ಟನೆಂದು ಬರೆದಿದ್ದಾರೆ ಎಂದು ಚೈತ್ರ ಓದಿದಾಗ ಅವನು ತಿಂಗಳುಗಳ ನಂತರ ಮೊದಲ ಬಾರಿಗೆ ನಕ್ಕ. ಅಷ್ಟು ವರ್ಷ ಬಿಡುವಿಲ್ಲದೆ ಕೆಟ್ಟವನಾಗಿರಲು ಯಾರಿಂದಲೂ ಆಗುವುದಿಲ್ಲ, ಬರೆಯಲು ಹೋದವನಿಗೆ ಕಾಳು ಹಾಕದೆ ಕಳಿಸಿರಬೇಕು ಎಂಬುದು ಅವನ ಸಂಶೋಧನೆ. ಅತಲ್ಯ ಎಂಬ ರಾಣಿ ಮೊಮ್ಮಕ್ಕಳನ್ನೆಲ್ಲ ಕೊಲ್ಲಿಸಿದಾಗ ಒಂದು ಕೂಸನ್ನು ಅದರ ಸೋದರತ್ತೆ ಆರು ವರ್ಷ ಬಚ್ಚಿಟ್ಟು ಉಳಿಸಿದಳೆಂದು ಕೇಳಿ, ಆ ಸೋದರತ್ತೆಯ ಹೆಸರನ್ನು ಮೂರು ಸಲ ಹೇಳಿಸಿದ. ಕೊನೆಗೆ ಆ ರಾಜರನ್ನೆಲ್ಲ ಹೆಳವರ ರಾಗಕ್ಕೆ ಕೂರಿಸಿದ. ಚೈತ್ರ ರೊಟ್ಟಿ ತಟ್ಟುತ್ತಾ ‘ಯೋವಾಷ ಯಾರ ಮಗ?’ ಎಂದರೆ, ಅವನು ಹಿತ್ತಿಲಿನಿಂದ ‘ಅಹಜ್ಯನ ಮಗ’ ಎನ್ನುವನು. ದಾರಿಯಲ್ಲಿ ಹೋಗುವವರು ಹೊಸ ಒಕ್ಕಲು ಸಿಕ್ಕಿದೆಯೆಂದು ತಿಳಿದರು.

ಹತ್ತು ಕುಲಗಳ ಉತ್ತರದ ರಾಜ್ಯ ಮೊದಲು ಬಿತ್ತು. ಅಸ್ಸೀರಿಯದವರು ಜನರನ್ನು ಹಿಡಿದೊಯ್ದು ದಿಕ್ಕುದಿಕ್ಕಿಗೆ ಚೆಲ್ಲಿದರು. ಆ ಹತ್ತು ಕುಲಗಳು ಏನಾದವೆಂದು ಇವತ್ತಿಗೂ ಸರಿಯಾಗಿ ಯಾರಿಗೂ ಗೊತ್ತಿಲ್ಲ ಎಂದು ಪುಸ್ತಕದಲ್ಲಿತ್ತು.

‘ಅವರ ಹೆಳವ ಸತ್ತಿರ್ಬೇಕು’ ಎಂದ ಪರ್ವತಯ್ಯ. ಆಗ ನಗಲಿಲ್ಲ.

ಉಳಿದದ್ದು ಯೆಹೂದ. ಒಂದು ಕಡೆ ಈಜಿಪ್ಟ್, ಒಂದು ಕಡೆ ಬಾಬಿಲೋನ್. ಇಬ್ಬರು ದೊಡ್ಡವರ ನಡುವೆ ಸಣ್ಣ ಕೋಟೆ ಇಟ್ಟುಕೊಂಡವನ ಪಾಡು ಏನೆಂದು ಮಧುಗಿರಿ ಬೆಟ್ಟದ ಕೆಳಗೆ ಓಡಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಹದಿನೆಂಟು ವರ್ಷದ ಯೆಹೋಯಾಖೀನ ಪಟ್ಟಕ್ಕೆ ಬಂದು ಮೂರು ತಿಂಗಳಿಗೆ ಸೆರೆಯಾಗಿ ಬಾಬಿಲೋನಿಗೆ ಹೋದ. ಅವನ ಚಿಕ್ಕಪ್ಪ ಚಿದ್ಕೀಯನನ್ನು ಶತ್ರುಗಳೇ ಪಟ್ಟಕ್ಕೆ ಕೂರಿಸಿದರು. ಅವನು ತಿರುಗಿಬಿದ್ದ. ಮುತ್ತಿಗೆ, ಹಸಿವು, ಗೋಡೆ ಒಡೆಯಿತು. ಓಡುತ್ತಿದ್ದವನನ್ನು ಹಿಡಿದರು. ಮುಂದಿನ ಸಾಲಿಗೆ ಬಂದು ಚೈತ್ರ ನಿಲ್ಲಿಸಿದಳು. ಓದು ಎಂದ. ನಾಳೆ ಓದುತ್ತೇನೆ ಎಂದಳು. ಓದು ಎಂದು ಮತ್ತೆ ಹೇಳಿದ.

ಚಿದ್ಕೀಯನ ಕಣ್ಣೆದುರಿಗೇ ಅವನ ಮಕ್ಕಳನ್ನು ಕೊಂದರು. ಆಮೇಲೆ ಅವನ ಕಣ್ಣು ಕೀಳಿಸಿದರು. ಕೊನೆಗೆ ಅವನು ನೋಡಿದ್ದು ಅದನ್ನೇ.

ಪರ್ವತಯ್ಯ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ.

‘ಮಕ್ಕಳ ಹೆಸರೇನು?’

ಅವಳು ಹಾಳೆ ತಿರುವಿ ನೋಡಿದಳು. ‘ಬರ್ದಿಲ್ಲ, ಮಾವ.’

‘ರಾಜನ ಮಕ್ಳು ಕಣವ್ವ. ಹೆಸರು ಬರೀದೆ ಹೆಂಗೆ ಬುಟ್ರು?’

ಎದ್ದು ಹೋದ. ಆಮೇಲೆ ಅವಳು ಓದಲು ಕೂತರೆ ಅವನು ಮೊಪೆಡ್ ತಳ್ಳಿಕೊಂಡು ಹೊರಗೆ ನಡೆಯುತ್ತಿದ್ದ. ದಂಡಯಾತ್ರೆ ಅಲ್ಲಿಗೆ ಮುರಿಯಿತು.

ಮನೆಯ ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದಿತ್ತು. ಅದರ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಇನ್ನೂ ಮೂರು ಹೆಸರಿದ್ದವು: ಪರ್ವತಯ್ಯ, ಅಂಜನ್ ಕುಮಾರ್, ಚೈತ್ರ. ಒಬ್ಬರು ಹೆಬ್ಬೆಟ್ಟು ಒತ್ತಿದರೆ ಮೂವರ ಅಕ್ಕಿ ಬರುತ್ತಿತ್ತು. ಮಗನ ಪಾಲನ್ನು ಪರ್ವತಯ್ಯ ಪ್ರತಿ ತಿಂಗಳು ಬೇರೆ ಅಳೆದು ಡ್ರಮ್ಮಿಗೆ ಸುರಿಯುತ್ತಿದ್ದ. ಬೇಯಿಸುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಹೆಸರು ತೆಗೆಸೋಣ ಎಂದು ಚೈತ್ರ ಮರಣ ಪತ್ರ ಹಿಡಿದು ಎರಡು ಸಲ ಎದ್ದಿದ್ದಳು. ಮುಂದಿನ ತಿಂಗಳು ಎಂದಿದ್ದ.

ಪರೀಕ್ಷೆಗೆ ಹದಿನೈದು ದಿನವಿರುವಾಗ ಅವಳು ಅಧ್ಯಾಯದ ಕಡೆಯ ಪುಟಕ್ಕೆ ಬಂದಳು. ಅದನ್ನು ಓದಿದ ಮೇಲೆ, ಮೊಪೆಡ್ ಹತ್ತುತ್ತಿದ್ದ ಮಾವನನ್ನು ತಾನಾಗಿ ಕರೆದು ಕೂರಿಸಿದಳು. ಕಣ್ಣು ಕಳೆದುಕೊಂಡ ಚಿದ್ಕೀಯನ ಕಥೆ ಮುಗಿದರೂ, ಮೊದಲೇ ಸೆರೆ ಹೋಗಿದ್ದ ಯೆಹೋಯಾಖೀನ ಬಾಬಿಲೋನಿನಲ್ಲಿ ಬದುಕಿದ್ದ. ಮೂವತ್ತೇಳು ವರ್ಷದ ಮೇಲೆ ಬಿಡುಗಡೆಯೂ ಆಯಿತು. ನೂರು ಚಿಲ್ಲರೆ ವರ್ಷದ ಹಿಂದೆ ಬಾಬಿಲೋನಿನ ಹಾಳು ಅರಮನೆಯನ್ನು ಅಗೆದವರಿಗೆ ನೆಲಮಾಳಿಗೆಯಲ್ಲಿ ಮಣ್ಣಿನ ಬಿಲ್ಲೆಗಳು ಸಿಕ್ಕಿದವು. ಅವುಗಳಲ್ಲಿ, ಯೆಹೂದದ ರಾಜ ಯೆಹೋಯಾಖೀನನಿಗೆ ಇಷ್ಟು ಎಣ್ಣೆ, ಅವನ ಐದು ಮಕ್ಕಳಿಗೆ ಇಷ್ಟು ಎಣ್ಣೆ ಎಂದು ಬರೆದಿತ್ತು.

‘ರೇಷನ್ನಾ?’

‘ರೇಷನ್ನೇ, ಮಾವ.’

‘ಎಣ್ಣೆನೂ ಕೊಡ್ತಿದ್ರಾ?’

‘ಕೊಡ್ತಿದ್ರು.’

‘ಬರ್ದೋನು ಯಾರು? ಅವರ ಕಡೆ ಹೆಳವನಾ?’

‘ಅಲ್ಲ. ಉಗ್ರಾಣದ ಗುಮಾಸ್ತ. ಬಾಬಿಲೋನಿನೋನೇ.’

ಪರ್ವತಯ್ಯ ಲೆಕ್ಕ ಹಾಕಿದ. ಪಟ್ಟ ಹೋಯಿತು, ಗುಡಿ ಸುಟ್ಟಿತು, ವಂಶ ಹಾಡುವವರು ಚದುರಿಹೋದರು. ರಾಜನ ಹೆಸರನ್ನು ಎರಡೂವರೆ ಸಾವಿರ ವರ್ಷ ಕಾಪಾಡಿದ್ದು, ಅವನನ್ನು ಕಂಡರೆ ಆಗದ ಊರಿನಲ್ಲಿ ಎಣ್ಣೆ ಅಳೆಯುತ್ತಿದ್ದ ಯಾವನೋ ಗುಮಾಸ್ತ. ಒಳಗೆ ಹೋಗಿ ಟ್ರಂಕಿನಿಂದ ರೇಷನ್ ಕಾರ್ಡು ತೆಗೆದು ತಂದ. ಎರಡನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತ. ಮಗ ಬರಹದಲ್ಲಿ ಉಳಿದಿದ್ದದ್ದು ಅದೊಂದೇ ಕಡೆ. ಮರಣ ಪತ್ರವೊಂದಿತ್ತು. ಅದನ್ನು ಅವನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಅದರಲ್ಲಿದ್ದದ್ದು ಸತ್ತವನ ಹೆಸರು, ಇಲ್ಲಿದ್ದದ್ದು ಉಣ್ಣುವವನ ಹೆಸರು.

ವಿಧಿಗೆ ಹಾಸ್ಯಪ್ರಜ್ಞೆ ಇದೆಯೆಂದು ನಾವು ಟೀ ಅಂಗಡಿಯಲ್ಲಿ ಆಗಾಗ ಮಾತಾಡಿಕೊಳ್ಳುತ್ತೇವೆ. ಅದೇ ವಾರ ರೇಷನ್ ಅಂಗಡಿಯ ಪಾಲಾಕ್ಷ ಗೋಡೆಗೆ ಚೀಟಿ ಅಂಟಿಸಿದ: ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ಖುದ್ದು ಬಂದು ಹೆಬ್ಬೆಟ್ಟು ಒತ್ತಬೇಕು, ತಿಂಗಳ ಕೊನೆಗೆ ಒತ್ತದವರ ಹೆಸರು ಹೋಗುತ್ತದೆ.

ಮುತ್ತಿಗೆ ಶುರುವಾಯಿತು. ಪರ್ವತಯ್ಯ ಅಂಗಡಿಗೆ ಹೋಗಿ ತನ್ನ ಹೆಬ್ಬೆಟ್ಟು ಒತ್ತಿದ. ಚೈತ್ರಳದನ್ನು ಒತ್ತಿಸಿದ. ಇನ್ನೊಂದು ಹೆಸರು ಇರಲಿ ಎಂದ.

‘ಸತ್ತೋನ ಹೆಬ್ಬೆಟ್ಟು ಎಲ್ಲಿಂದ ತರ್ತೀಯ ಪರ್ವತಣ್ಣ?’ ಎಂದ ಪಾಲಾಕ್ಷ. ‘ದಾಸಮ್ಮಕ್ಕ ಹೋದಾಗ ನೀನೇ ಬಂದು ಹೆಸರು ತೆಗೆಸಿದ್ದಲ್ಲ?’

‘ಆಗ ನಂಗೆ ಇತಿಹಾಸ ಗೊತ್ತಿರ್ಲಿಲ್ಲ.’

ತಿಂಗಳ ಕಡೆಯ ದಿನ ಡ್ರಮ್ಮಿನ ಅಕ್ಕಿಯನ್ನು ಎರಡು ಗೋಣಿಚೀಲಕ್ಕೆ ತುಂಬಿ, ಬಾಡಿಗೆ ಆಟೋದಲ್ಲಿ ಹೇರಿಕೊಂಡು ತಾಲ್ಲೂಕಿನ ಆಹಾರ ಶಾಖೆಯ ಮೆಟ್ಟಿಲಿಗೆ ಇಳಿಸಿದ. ಚೈತ್ರ ಜೊತೆಗಿದ್ದಳು. ಪಾಲಾಕ್ಷನೂ ದಿಗಿಲುಬಿದ್ದು ಹಿಂದೆ ಬಂದ. ಸತ್ತವನ ಹೆಸರಿನಲ್ಲಿ ಎರಡು ವರ್ಷ ಅಕ್ಕಿ ಕೊಟ್ಟವನೂ ಅವನೇ ತಾನೆ? ಯುದ್ಧ ನೋಡಲು ನಾವು ನಾಲ್ಕೈದು ಜನ ಟೀ ಲೋಟ ಕೆಳಗಿಟ್ಟು ಹೋದೆವು.

ಆಹಾರ ನಿರೀಕ್ಷಕಿ ಶ್ರೀಲತಾ ಶಿರಾದ ಕಡೆಯ ಹೆಂಗಸು. ಪರ್ವತಯ್ಯ ಅವರನ್ನು ಯಾರ ಮಗಳು ಎಂದು ಕೇಳಲಿಲ್ಲ. ಕೈಮುಗಿದು, ಸಂಧಾನದ ಷರತ್ತುಗಳನ್ನು ಮುಂದಿಟ್ಟ. ಇದುವರೆಗಿನ ಅಕ್ಕಿ ಒಂದು ಕಾಳೂ ಕಡಿಮೆಯಿಲ್ಲದೆ ಇಲ್ಲಿದೆ, ತೆಗೆದುಕೊಳ್ಳಿ. ಮುಂದೆಯೂ ಒಂದು ಕಾಳು ಬೇಡ. ಹೆಸರು ಮಾತ್ರ ಇರಲಿ.

ಅಕ್ಕಿ ಬೇಡವೆಂದರೆ ಹೆಸರನ್ನು ಇಡಲು ಬರುವುದಿಲ್ಲ ಎಂದು ಅವರು ಹೇಳಿದರು. ಕಂಪ್ಯೂಟರಿನಲ್ಲಿ ಹೆಸರಿದ್ದರೆ ಅಕ್ಕಿ ತಾನಾಗಿ ಬಿಡುಗಡೆಯಾಗುತ್ತದೆ. ಒಂದನ್ನು ಬಿಟ್ಟು ಒಂದು ಇಡುವ ಕಾಲಂ ಇಲ್ಲ. ಸತ್ತವರ ಪಡಿತರ ಎತ್ತುವುದು ಅಪರಾಧವೆಂಬುದನ್ನೂ ಮೆಲ್ಲಗೆ ಸೇರಿಸಿದರು. ಪಾಲಾಕ್ಷ ಕಿಟಕಿಯಾಚೆ ಏನನ್ನೋ ನೋಡತೊಡಗಿದ.

ಪರ್ವತಯ್ಯ ಕೊನೆಯ ಅಸ್ತ್ರ ತೆಗೆದ. ಬಾಬಿಲೋನಿನ ಕಥೆ ಹೇಳಿದ. ರಾಜನನ್ನು ಸೆರೆಯಲ್ಲಿಟ್ಟವರೂ ಅವನ ಹೆಸರು ಬರೆದಿಟ್ಟರು, ನನ್ನ ಮಗ ಸರ್ಕಾರಕ್ಕೆ ಯಾವ ಯುದ್ಧವನ್ನೂ ಮಾಡಿರಲಿಲ್ಲ ಎಂದ. ನಿರೀಕ್ಷಕಿ ಕಡೆಯವರೆಗೂ ಕೇಳಿ, ಚೈತ್ರಳ ಕಡೆ ತಿರುಗಿದರು. ‘ಇದು ನಿಜವೇನಮ್ಮ?’

‘ನಿಜ ಮೇಡಂ. ಹದಿನೈದು ಮಾರ್ಕ್ಸಿಗೆ ಬರುತ್ತೆ.’

ಯಾರೂ ನಗಲಿಲ್ಲ. ಚೈತ್ರ ಚೀಲದಿಂದ ಮರಣ ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಮಾವನ ಮುಖ ನೋಡಲಿಲ್ಲ. ಗಂಡನ ಹೆಸರನ್ನು ಅಳಿಸಲು ಕಾಗದ ಕೊಡಬೇಕಾದವಳು ಅವಳೇ. ಅವಳು ಇತಿಹಾಸವನ್ನು ಮಾವನಿಗಿಂತ ಒಂದು ಪುಟ ಹೆಚ್ಚು ಓದಿದ್ದಳು, ಬಾಬಿಲೋನೂ ಕೊನೆಗೆ ಬಿತ್ತೆಂದು ಅವಳಿಗೆ ಗೊತ್ತಿತ್ತು. ನಿರೀಕ್ಷಕಿ ಪತ್ರ ನೋಡಿ, ಒಂದು ಗುಂಡಿ ಒತ್ತಿದರು. ಪರದೆಯನ್ನು ಪರ್ವತಯ್ಯ ಬಗ್ಗಿ ನೋಡುತ್ತಿದ್ದ. ಮೂರು ಸಾಲು ಎರಡಾದವು. ಕೆಳಗಿನ ಸಾಲು ಮೇಲೆ ಸರಿದು ಮೊದಲ ಸಾಲಿಗೆ ಅಂಟಿಕೊಂಡಿತು. ನಡುವೆ ಜಾಗ ಕೂಡ ಉಳಿಯಲಿಲ್ಲ.

ಅವನು ಬಾಗಿಲ ಕಡೆ ನಡೆದ. ಸೋತ ರಾಜರು ಹೇಗೆ ನಡೆಯುತ್ತಾರೆಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಇವನು ಚಪ್ಪಲಿ ಹುಡುಕುತ್ತಾ ನಡೆದ.

ಯುದ್ಧ ಮುಗಿದರೂ ಮೆಟ್ಟಿಲ ಮೇಲೆ ಎರಡು ಮೂಟೆ ಉಳಿದಿದ್ದವು. ಸರ್ಕಾರದ ಅಕ್ಕಿಯನ್ನು ಹಾಗೇ ಬಿಡಲು ಬರುವುದಿಲ್ಲ, ಸುಮ್ಮನೆ ಒಳಗಿಡಲೂ ಬರುವುದಿಲ್ಲ. ಕೊಟ್ಟದ್ದನ್ನು ಯಾರೂ ವಾಪಸ್ ತಂದ ದಾಖಲೆಯಿಲ್ಲದ ಕಾರಣ ಕಂಪ್ಯೂಟರಿಗೆ ಇದು ತಿಳಿಯುವ ವಿಷಯವೂ ಆಗಿರಲಿಲ್ಲ. ಮಹಜರು ಬರೆಯಬೇಕು, ಅದೂ ಕೈಯಲ್ಲಿ. ಶ್ರೀಲತಾ ಅವನನ್ನು ಕರೆದು ಕೂರಿಸಿದರು. ಬಿಳಿ ಹಾಳೆ ತೆಗೆದುಕೊಂಡು ತಾರೀಖು ಹಾಕಿ, ತೂಕ ಮಾಡಿಸಿ, ಅಕ್ಕಿಗೆ ಹುಳು ಹಿಡಿದಿದೆ ಎಂದು ಬರೆದರು.

‘ಯಾರ ಹೆಸರಿಗೆ ಬಂದ ಅಕ್ಕಿ, ಯಜಮಾನ್ರೇ?’

‘ಅಂಜನ್ ಕುಮಾರ್.’

ಸರ್ಕಾರದ ಕಾಗದದಲ್ಲಿ ಹೆಸರಿನ ಮುಂದೆ ‘ಬಿನ್’ ಎಂದು ಬರೆದು ತಂದೆಯ ಹೆಸರು ಹಾಕುವುದು ಪದ್ಧತಿ. ಅವರು ‘ಬಿನ್’ ಎಂದು ಬರೆದು, ತಲೆ ಎತ್ತದೆ ಕೇಳಿದರು.

‘ಯಾರ ಮಗ?’

ಪರ್ವತಯ್ಯ ಕುರ್ಚಿಯಿಂದ ಎದ್ದ. ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡು, ತನ್ನ ಜಗಲಿಯ ಕೆಳಗೆ ನಿಲ್ಲುತ್ತಿದ್ದಂತೆ ಕೈಮುಗಿದು ನಿಂತ.

‘ಪರ್ವತಯ್ಯನ ಮಗ’ ಎಂದ. ಅಲ್ಲಿಗೆ ನಿಲ್ಲಿಸಲಾಗಲಿಲ್ಲ. ಪರ್ವತಯ್ಯ ದೊಡ್ಡಹನುಮಯ್ಯನ ಮಗ, ದೊಡ್ಡಹನುಮಯ್ಯ ಬೋರಪ್ಪನ ಮಗ, ಬೋರಪ್ಪ ತಿಪ್ಪಯ್ಯನ ಮಗ. ಎರಡು ವರ್ಷದಿಂದ ಸ್ವಂತ ವಂಶಕ್ಕೆ ಮುಚ್ಚಿದ್ದ ರಾಗ ಕಚೇರಿಯ ತುಂಬ ಹರಡಿತು. ಬೇರೆ ಮೇಜಿನವರು ಎದ್ದು ನೋಡಿದರು. ಯಾರೋ ಸಾಕು ಎನ್ನಲು ಬಂದರು, ನಿರೀಕ್ಷಕಿ ಕೈ ಅಡ್ಡ ಮಾಡಿದರು. ಹನ್ನೊಂದೂ ಮುಗಿಯುವವರೆಗೆ ಪೆನ್ನು ಎತ್ತಿ ಹಿಡಿದು ಕಾದರು. ಆಮೇಲೆ ಹಾಳೆಯಲ್ಲಿ ಜಾಗವಿದ್ದಷ್ಟನ್ನು ಬರೆದರು: ಅಂಜನ್ ಕುಮಾರ್ ಬಿನ್ ಪರ್ವತಯ್ಯ. ಪಾಲಾಕ್ಷನೂ ನಮ್ಮಲ್ಲೊಬ್ಬನೂ ಸಾಕ್ಷಿ ಹಾಕಿದರು. ಚೈತ್ರ ಒಮ್ಮೆ ಓದಿ ನೋಡಿ, ಹೆಸರಿನಲ್ಲಿ ತಪ್ಪಿಲ್ಲ ಎಂದು ಸಹಿ ಮಾಡಿದಳು. ಹಾಳೆ ಫೈಲಿಗೆ ಹೋಯಿತು, ಫೈಲು ಬೀರುವಿಗೆ ಹೋಯಿತು.

ಟೀ ಅಂಗಡಿಗೆ ಅವನನ್ನು ಮೆರವಣಿಗೆಯಲ್ಲಿ ಕರೆತಂದೆವು ಎಂದೇ ಹೇಳಬೇಕು. ಅವನಿಗಾಗಿ ಬೆಂಚು ಒರೆಸಿದೆವು. ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನ ಕೈಯಲ್ಲಿ ಬರೆಸಿದವನು ಯೆಹೋಯಾಖೀನ, ಸರ್ಕಾರದ ಕೈಯಲ್ಲಿ ಬರೆಸಿದವನು ನಮ್ಮ ಪರ್ವತಯ್ಯ ಎಂದು ಒಬ್ಬ ಹೊಗಳಿದ. ಇನ್ನು ಎರಡೂವರೆ ಸಾವಿರ ವರ್ಷದ ಮೇಲೆ ಯಾರೋ ಕೊರಟಗೆರೆಯನ್ನು ಅಗೆಯುತ್ತಾರೆ, ಬೀರು ಸಿಗುತ್ತದೆ, ಅಂಜನ್ ಕುಮಾರನ ಅಕ್ಕಿಯ ಮೇಲೆ ಹದಿನೈದು ಮಾರ್ಕ್ಸಿನ ಪ್ರಶ್ನೆ ಬರುತ್ತದೆ ಎಂದು ಇನ್ನೊಬ್ಬ ಭವಿಷ್ಯ ನುಡಿದ. ಮಗನನ್ನು ಯೆಹೂದದ ರಾಜನ ಪಕ್ಕದಲ್ಲಿ ಕೂರಿಸಿ ಬಂದಿದ್ದೀಯಲ್ಲ, ಈಗ ಹೇಗನ್ನಿಸುತ್ತದೆ ಎಂದು ಎಲ್ಲರೂ ಸೇರಿ ಕೇಳಿದೆವು.

ಪರ್ವತಯ್ಯ ಟೀಯನ್ನು ಬಸಿಗೆ ಬಗ್ಗಿಸಿಕೊಂಡ.

‘ಅವನು ಅನ್ನನೇ ಉಣ್ತಿರ್ಲಿಲ್ಲ ಸ್ವಾಮಿ’ ಎಂದ. ‘ಮೂರೊತ್ತೂ ಮುದ್ದೆನೇ ಆಗ್ಬೇಕಿತ್ತು.’